ಬಾಯಿಮಾತಿನ ಪಾಲು ಕಾಗದಕ್ಕೆ ಬರಲಿ



ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ನಾವು ಬಿಡುವುದಿಲ್ಲ. ಆದರೆ ಮನೆ, ಹೊಲ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ, "ಅದೆಲ್ಲ ಗಂಡಸರಿಗೇ ಗೊತ್ತರಿ ಸಿಸ್ಟರ್" ಎನ್ನುತ್ತೀರಿ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ, ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ನೀರು ಬಂದ ಕಡೆ ಹೊಲಕ್ಕೆ ಬೆಲೆ ಬಂದಿದೆ. ಬೆಲೆಯ ಹಿಂದೆ ಜಗಳವೂ ಬರುತ್ತದೆ. ಕಾಯಿದೆ ನಮಗೆ ಪಾಲು ಕೊಟ್ಟಿದೆ. ಕಾಗದ ಇಲ್ಲಾಂದ್ರೆ ಆ ಪಾಲು ಕೈಗೆ ಬರುವುದು ಕಷ್ಟ. ಯಾವ ಕಾಲಕ್ಕೆ ಯಾವ ಕಾಗದ ಬೇಕು ಎಂದು ತಿಳಿಯೋಣ.

1. ಮಗು ಹುಟ್ಟಿದಾಗ: 21 ದಿನದೊಳಗೆ ಜನನ ನೋಂದಣಿ ಮಾಡಿಸಿರಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ ತೋರಿಸಲು ಇದೇ ಪತ್ರ ಬೇಕು.

2. ಮದುವೆಯಾದಾಗ: ಮದುವೆಯನ್ನು ನೋಂದಣಿ ಮಾಡಿಸಿರಿ. ನಾಳೆ ಯಾರಾದರೂ "ನೀನು ಹೆಂಡತಿಯೇ ಅಲ್ಲ" ಎಂದರೆ ಆ ಪತ್ರ ಮಾತಾಡುತ್ತದೆ. ಬ್ಯಾಂಕ್ ಖಾತೆಗೆ ನಾಮಿನಿ ಬರೆಸಿರಿ. ನಾಮಿನಿಯು ಹಣ ಪಡೆಯಬಹುದು, ಆದರೆ ಅದರಲ್ಲಿ ವಾರಸುದಾರರ ಪಾಲು ಹೋಗುವುದಿಲ್ಲ.

3. ತವರಿನ ಪಾಲು: ಬೈಬಲಿನ ಸಂಖ್ಯಾಕಾಂಡ 27ನೇ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರು ಮೋಶೆಯ ಎದುರು ನಿಂತು ತಂದೆಯ ಆಸ್ತಿ ಕೇಳಿ ಪಡೆದರು. 2005ರ ತಿದ್ದುಪಡಿಯಿಂದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಯಿದೆ ಪ್ರಕಾರ ಪಾಲಾಗಿದ್ದರೆ ಮಾತ್ರ ಅದನ್ನು ತಿರುಗಿಸಲು ಬರುವುದಿಲ್ಲ. "ಒಂದು ಸಹಿ ಹಾಕವ್ವ" ಎಂದು ಅಣ್ಣತಮ್ಮಂದಿರು ತರುವ ಕಾಗದ ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬ್ಯಾಡ್ರಿ. ಬಿಟ್ಟುಕೊಡುವುದಾದರೂ ತಿಳಿದು ಬಿಟ್ಟುಕೊಡಿರಿ.

4. ಗಂಡ ತೀರಿಕೊಂಡಾಗ: ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ. ಗುಳೆ ಹೋದಾಗ ಬೆಂಗಳೂರಿನಲ್ಲಿ ತೀರಿಕೊಂಡರೆ ಅಲ್ಲಿಯೇ ಮಾಡಿಸಬೇಕು, ದೇವದುರ್ಗದಲ್ಲಿ ಆಗದು. ಆಮೇಲೆ ವಂಶವೃಕ್ಷ ಪಡೆದು ಫೌತಿ ಖಾತೆಗೆ ಅರ್ಜಿ ಕೊಡಿರಿ. ಹಿರಿಮಗನ ಹೆಸರು ಮಾತ್ರ ಸಾಲದು. ವಿಲ್ ಇಲ್ಲದಿದ್ದರೆ ಹಿಂದೂ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಪ್ರತಿ ಮಗ, ಪ್ರತಿ ಮಗಳು, ಅವನ ತಾಯಿ ಎಲ್ಲರಿಗೂ ಸಮಪಾಲು. ಕ್ರೈಸ್ತರಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ. ಮುಸ್ಲಿಂ ಸಹೋದರಿಯರಿಗೆ ಅವರ ಧರ್ಮದ ನಿಯಮದಂತೆ ಪಾಲಿದೆ.

5. ವಯಸ್ಸಾದಾಗ: ವಿಲ್ ಬರೆಯಲು ಛಾಪಾ ಕಾಗದ ಬೇಕಿಲ್ಲ. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವ ತನಕ ಬದಲಾಯಿಸಬಹುದು. ಮಕ್ಕಳಿಲ್ಲದ ಹಿಂದೂ ವಿಧವೆ ವಿಲ್ ಬರೆಯದೆ ತೀರಿಕೊಂಡರೆ, ಅವಳು ದುಡಿದು ಗಳಿಸಿದ್ದು ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ದಾನಪತ್ರ ಹಾಗಲ್ಲ, ಬರೆದುಕೊಟ್ಟ ಕೂಡಲೇ ಆಸ್ತಿ ಕೈಬಿಡುತ್ತದೆ. ಕೊಡಲೇಬೇಕಾದರೆ "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಅದರಲ್ಲೇ ಬರೆಸಿರಿ. ನೋಡಿಕೊಳ್ಳದಿದ್ದರೆ, 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಅದನ್ನು ರದ್ದು ಮಾಡಿಸಲು ಕೇಳಬಹುದು.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನೆ ಕೂಡಬೇಡಿರಿ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವು ಇದೆ. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ತಾಲೂಕಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಸಹಾಯವಾಣಿ 15100.

ಸಭೆಯಲ್ಲಿ ಚರ್ಚಿಸಿರಿ:
* ನಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರಿದೆ?
* ನಮ್ಮ ಸಂಘದಲ್ಲಿ ಯಾರ ಫೌತಿ ಖಾತೆ ಇನ್ನೂ ಆಗಿಲ್ಲ? ಅವರ ಜೊತೆ ನಾಡಕಚೇರಿಗೆ ಯಾರು ಹೋಗುತ್ತೀರಿ?
* ಸೊಸೆಗೆ ತವರಿನ ಪಾಲು ಬರಲಿ ಎನ್ನುವ ನಾವು ಮಗಳಿಗೆ ಪಾಲು ಕೊಡುತ್ತೇವೆಯೇ?