ವಿಮಾನ ಕೊಳ್ಳುವ ಮುನ್ನ ಲೆಕ್ಕದ ಪುಸ್ತಕ

ಪ್ರಶ್ನೆ: ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡುತ್ತೇನೆ. ವಿಮಾನ ಏರಿಸುವುದು, ಇಳಿಸುವುದು ಒಂದು ಹದಕ್ಕೆ ಬಂದಿದೆ. ಆದರೆ ಗುರಿಯಿಲ್ಲದೆ ಹಾರಾಡಿ ಬೇಸರ ಹತ್ತಿದೆ. ಹಾರಿದ್ದಕ್ಕೆ ಬಾಡಿಗೆ ಕೊಡುವ, ಸ್ವಂತ ವಿಮಾನ ಕೊಂಡು ಕಂಪನಿ ನಡೆಸಲು ಬಿಡುವ ಎಕಾನಮಿ ಆಡ್-ಆನ್‌ಗಳು ಇವೆಯಂತೆ. ಎಲ್ಲಿಂದ ಶುರು ಮಾಡಲಿ? ನಮ್ಮ ಊರಿನ ಸುತ್ತಮುತ್ತಲೇ ಹಾರಿಸಬಹುದೇ?
– ಓದುಗರೊಬ್ಬರು, ಸಂತೆಗುಳಿ, ಕುಮಟಾ ತಾಲ್ಲೂಕು

ಉತ್ತರ: ಧಾರಾಳವಾಗಿ ಹಾರಿಸಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಟದಲ್ಲಿ ದಿವಾಳಿಯಾಗುವವರಲ್ಲಿ ಹೆಚ್ಚಿನವರು ಒಳ್ಳೆಯ ಪೈಲಟ್‌ಗಳೇ. ಅವರಿಗೆ ಬಾರದ್ದು ಲೆಕ್ಕ.

ಸಿಮ್ಯುಲೇಟರಿಗೆ ಗೊತ್ತಿರುವುದು ಗಾಳಿ, ರೆಕ್ಕೆ, ಎಂಜಿನ್ ಅಷ್ಟೇ. ಎಕಾನಮಿ ಆಡ್-ಆನ್ ಅದರ ಪಕ್ಕದಲ್ಲಿ ಕೂತ ಗುಮಾಸ್ತನ ಕೆಲಸ ಮಾಡುತ್ತದೆ. ಇಲ್ಲಿಂದ ಅಲ್ಲಿಗೆ ಇಷ್ಟು ಜನ ಅಥವಾ ಇಷ್ಟು ಕಿಲೋ ಸಾಮಾನು ಎಂದು ಕೆಲಸದ ಪಟ್ಟಿ ಕೊಡುತ್ತದೆ. ನೀವು ಹೊರಟ ಜಾಗ, ತೂಕ, ಇಂಧನ, ಇಳಿದ ಜಾಗ ಎಲ್ಲವನ್ನೂ ಗಮನಿಸುತ್ತದೆ. ಕೊನೆಗೆ ಖರ್ಚು ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತದೆ. ದುಡ್ಡು ಆಟದ್ದು, ಆದರೆ ಲೆಕ್ಕ ನಿಜದ್ದೇ.

ಆಯ್ಕೆಗಳು ಹಲವಾರಿವೆ. ಎಫ್‌ಎಸ್‌ಇಕಾನಮಿ ಹಳೆಯದು, ಉಚಿತ. ಹಳೆಯ ಎಫ್‌ಎಸ್‌ಎಕ್ಸ್, ಎಕ್ಸ್-ಪ್ಲೇನ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮೂರರ ಜೊತೆಗೂ ನಡೆಯುತ್ತದೆ. ಜಗತ್ತಿನ ಆಟಗಾರರಿಗೆಲ್ಲ ಅಲ್ಲಿ ಒಂದೇ ಲೋಕ. ಯಾರೋ ಗೋವಾಕ್ಕೆ ಒಯ್ದು ಬಿಟ್ಟ ವಿಮಾನ ಇನ್ನೊಬ್ಬರು ಹಾರಿಸಿಕೊಂಡು ಬರುವ ತನಕ ಗೋವಾದಲ್ಲೇ ನಿಂತಿರುತ್ತದೆ. ನಿಯೋಫ್ಲೈ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಒಬ್ಬರ ಆಟ. ಆನ್‌ಏರ್‌ಗೆ ಚಂದಾ ಕಟ್ಟಬೇಕು, ಏರ್ ಹಾಲರ್ 2 ಅನ್ನು ದುಡ್ಡು ಕೊಟ್ಟು ಕೊಳ್ಳಬೇಕು. 2024ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ನಿಮ್ಮಲ್ಲಿದ್ದರೆ ಆಡ್-ಆನ್ ಹುಡುಕುವುದೇ ಬೇಡ. ಅದರೊಳಗೇ ಕೆರಿಯರ್ ವಿಭಾಗವಿದೆ: ಪರೀಕ್ಷೆ ಪಾಸು ಮಾಡಿ, ಇನ್ನೊಬ್ಬರ ಕೈಕೆಳಗೆ ದುಡಿದು, ಆಮೇಲೆ ಸ್ವಂತ ಕಂಪನಿ. ಹೊಸಬರಿಗೆ ನನ್ನ ಸಲಹೆ ಎಫ್‌ಎಸ್‌ಇಕಾನಮಿ. ಕೈಯಿಂದ ಕಾಸು ಹೋಗುವುದಿಲ್ಲ, ಬಾಡಿಗೆ ವಿಮಾನದಲ್ಲೇ ಎಷ್ಟು ದಿನ ಬೇಕಾದರೂ ದುಡಿಯಬಹುದು.

ಈಗ ಊರಿನ ವಿಷಯ. ಸಂತೆಗುಳಿಗೆ ಹತ್ತಿರದಲ್ಲಿ ವಿಮಾನ ನಿಲ್ದಾಣವಿಲ್ಲ. ಅಂಕೋಲಾದ ಅಲಗೇರಿಯದು ಇನ್ನೂ ಯೋಜನೆಯ ಮಾತು. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಕುಮಟಾದಿಂದ ಹುಬ್ಬಳ್ಳಿಯೂ ಗೋವಾದ ದಾಬೋಲಿಮ್ಮೂ ಹೆಚ್ಚುಕಡಿಮೆ 125 ಕಿಲೋಮೀಟರ್, ಮಂಗಳೂರು 170. ಹೊಸಬರು ನೆಲೆ ಮಾಡಿಕೊಳ್ಳಲು ಹುಬ್ಬಳ್ಳಿಯೇ ಸೈ. ಅಲ್ಲಿಂದ ಬೆಳಗಾವಿಯ ಸಾಂಬ್ರಾ ಸುಮಾರು 40 ನಾಟಿಕಲ್ ಮೈಲಿ, ದಾಬೋಲಿಂ 70ರ ಆಸುಪಾಸು, ಮಂಗಳೂರು 145, ಬೆಂಗಳೂರು 200. ಗಿಡ್ಡದು, ಮಧ್ಯಮ, ಉದ್ದದ್ದು ಎಲ್ಲ ಬಗೆಯ ದಾರಿಯೂ ಸಿಕ್ಕಿತು. ಎಫ್‌ಎಸ್‌ಇಕಾನಮಿಯ ನಿಲ್ದಾಣಗಳ ಪಟ್ಟಿ ಹಳೆಯ ಸಿಮ್ಯುಲೇಟರ್‌ಗಳ ಕಾಲದ್ದು. ಹಾಗಾಗಿ 2019ರ ಕಲಬುರಗಿ, 2023ರ ಶಿವಮೊಗ್ಗದಂಥ ಹೊಸ ನಿಲ್ದಾಣಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ವಿಒಎಚ್‌ಬಿ ಎಂದು ಹುಡುಕಿದಾಗ ಹುಬ್ಬಳ್ಳಿ ಸಿಗದಿದ್ದರೆ ವಿಎಎಚ್‌ಬಿ ಎಂಬ ಹಳೆಯ ಸಂಕೇತ ಹಾಕಿ ನೋಡಿ.

ಕೈ ಪಳಗಿದ ಮೇಲೆ ಮಂಗಳೂರಿನಿಂದ ದಾಬೋಲಿಮ್‌ಗೆ ಒಂದು ಕೆಲಸ ಹಿಡಿಯಿರಿ. ನೇರ ಗೆರೆ ಕರಾವಳಿಯಿಂದ ಸ್ವಲ್ಪ ಪಶ್ಚಿಮಕ್ಕೆ, ಸಮುದ್ರದ ಮೇಲೆ ಸಾಗುತ್ತದೆ. ಎಡಕ್ಕೆ ನೇತ್ರಾಣಿ ದ್ವೀಪ, ಬಲಕ್ಕೆ ಭಟ್ಕಳ; ಮುಂದೆ ಹೊನ್ನಾವರದ ಶರಾವತಿ ಅಳಿವೆ, ಕುಮಟಾ, ಅಘನಾಶಿನಿ ಸಮುದ್ರ ಸೇರುವ ಜಾಗ, ಗೋಕರ್ಣ. ಸಣ್ಣ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಿಜ ಹವಾಮಾನ ಹಾಕಿಕೊಂಡು ಆಡುವವರು ಜೂನ್‌ನಿಂದ ಆಗಸ್ಟ್‌ವರೆಗೆ ಈ ದಾರಿಗೆ ಇಳಿಯುವ ಮುನ್ನ ಎರಡು ಸಲ ಯೋಚಿಸಿ. ಮೋಡ ಘಟ್ಟಕ್ಕೆ ಒರಗಿ ಕೂತಿರುತ್ತದೆ, ಮಂಗಳೂರಿನ ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ.

ಇನ್ನು ಲೆಕ್ಕ. ಮೊದಲ ವಿಮಾನ ಸೆಸ್ನಾ 172 ಇರಲಿ. ನಾಲ್ಕು ಸೀಟು ಇದೆಯೆಂದು ನಾಲ್ವರು ಕೂರಬಹುದು ಎಂದುಕೊಳ್ಳಬೇಡಿ. ಅದರ 'ಎಸ್' ಮಾದರಿ ಮೇಲೇರುವಾಗ 1,157 ಕಿಲೋ ಮೀರಬಾರದು. ಟ್ಯಾಂಕ್ ತುಂಬಿಸಿದರೆ ಇಂಧನವೇ ಸುಮಾರು 145 ಕಿಲೋ. ಪೈಲಟ್, ಪ್ರಯಾಣಿಕರು, ಸಾಮಾನು ಎಲ್ಲ ಸೇರಿ ಉಳಿಯುವುದು 250 ಕಿಲೋ ಆಸುಪಾಸು, ಅಂದರೆ ನೀವು ಮತ್ತು ಇಬ್ಬರು. ಹುಬ್ಬಳ್ಳಿ–ಬೆಳಗಾವಿ ಅರ್ಧ ಗಂಟೆಯ ಹಾರಾಟ, ಎಂಜಿನ್ ಗಂಟೆಗೆ ಕುಡಿಯುವುದು ಸುಮಾರು 25 ಕಿಲೋ. ಆಪತ್ಕಾಲದ ಮೀಸಲು ಸೇರಿಸಿದರೂ ಅರ್ಧ ಟ್ಯಾಂಕ್ ಧಾರಾಳವಾಯಿತು. ಹಾಗೆ ಉಳಿದ 70 ಕಿಲೋದಲ್ಲಿ ಮೂರನೆಯವರು ಹತ್ತಬಹುದು. ಟ್ಯಾಂಕ್ ಸದಾ ತುಂಬಿಯೇ ಇರಲಿ ಎನ್ನುವವರು ಪ್ರತಿ ಸಲವೂ ಒಂದು ಟಿಕೆಟ್ಟಿನ ದುಡ್ಡು ಬಿಟ್ಟುಕೊಡುತ್ತಿರುತ್ತಾರೆ.

ಎರಡನೆಯ ಪಾಠ ವಾಪಸಾತಿ. ಹುಬ್ಬಳ್ಳಿಗೆ ಮೀನು ಇಳಿಸಿದ ಕುಮಟಾದ ಲಾರಿಯವರು ವಾಪಸ್ ಲೋಡಿಗೆ ಕಾಯುವುದನ್ನು ನೋಡಿರುತ್ತೀರಿ; ಇಲ್ಲಿಯೂ ಅದೇ ಸೂತ್ರ. ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಳ್ಳೋಣ. ಇಂಧನ ಸೇರಿ ವಿಮಾನದ ಬಾಡಿಗೆ ಗಂಟೆಗೆ 130. ಹೋಗಲು 0.6 ಗಂಟೆ, ಅಂದರೆ 78. ಇಬ್ಬರು ಪ್ರಯಾಣಿಕರಿಂದ 300 ಬಂತು, ನಿಲ್ದಾಣದ ಖರ್ಚಿಗೆ ಶೇಕಡಾ 10 ಹೋಯಿತು, ಕೈಗೆ 192 ಉಳಿಯಿತು. ಖಾಲಿ ಮರಳಿದರೆ ಮತ್ತೆ 78 ಖರ್ಚು. ಒಟ್ಟು ಉಳಿಕೆ 114, ಗಂಟೆಗೆ 95. ಬರುವಾಗ ಒಬ್ಬರೇ ಒಬ್ಬರು 150 ಕೊಟ್ಟು ಹತ್ತಿದರೂ ಒಟ್ಟು ಉಳಿಕೆ 249, ಗಂಟೆಗೆ 207. ದುಡಿಮೆ ದುಪ್ಪಟ್ಟಾಯಿತು. ಆದ್ದರಿಂದ ಹೊರಡುವ ಮುನ್ನವೇ ಇಳಿಯುವ ಊರಿನ ಕೆಲಸದ ಪಟ್ಟಿ ತೆರೆದು ನೋಡಿ. ಎಫ್‌ಎಸ್‌ಇಕಾನಮಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಡಿಗೆ ವಿಮಾನವನ್ನು ಅದರ ತವರು ನಿಲ್ದಾಣದತ್ತ ಒಯ್ದರೆ ಬೋನಸ್, ಅಲ್ಲಿಂದ ದೂರ ಒಯ್ದರೆ ದಂಡ. ದೂರದ ಕೆಲಸದ ದೊಡ್ಡ ಮೊತ್ತ ನೋಡಿ ಹಿಗ್ಗುವ ಮೊದಲು ಈ ಬೋನಸ್-ದಂಡದ ಲೆಕ್ಕ ನೋಡಿ.

ಇದೆಲ್ಲ ಆಟದ ಕಿರಿಕಿರಿ ಎಂದು ತಳ್ಳಿಹಾಕಬೇಡಿ, ನಿಜವಾದ ಕಂಪನಿಗಳು ಎಡವಿದ್ದೂ ಇಲ್ಲೇ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಎಟಿಆರ್ ವಿಮಾನಗಳೊಂದಿಗೆ ಏರ್ ಡೆಕ್ಕನ್ ಶುರು ಮಾಡಿದರು. ಬಿಟ್ಟಿ ಊಟ ತೆಗೆದು, ಟಿಕೆಟ್ ಅಗ್ಗ ಮಾಡಿ, ಸೀಟು ತುಂಬಿಸುವ ದಾರಿ ಹಿಡಿದರು. ಜನ ಹತ್ತಿದರು, ನಷ್ಟವೂ ಹತ್ತಿತು. 2007ರಲ್ಲಿ ಕಂಪನಿಯ ಪಾಲು ಯುಬಿ ಸಮೂಹದ ಕೈ ಸೇರಿತು. ಅದನ್ನು ನುಂಗಿದ ಕಿಂಗ್‌ಫಿಷರ್ 2012ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿಯ ಮಿತಿ ಹಾಕಿ, ಕೊರತೆಯನ್ನು ಮೂರು ವರ್ಷ ಸರ್ಕಾರವೇ ತುಂಬಿಕೊಡುವ ಏರ್ಪಾಡಿತ್ತು. ಆದರೂ 2023ರ ಸಿಎಜಿ ವರದಿ ಹೇಳಿದ್ದೇನು? ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಅವಧಿಯ ನಂತರವೂ, 2023ರ ಮಾರ್ಚ್ ವೇಳೆಗೆ, ಉಳಿದುಕೊಂಡಿದ್ದು 54. ಸಬ್ಸಿಡಿ ಇದ್ದೂ ಹೀಗಾದರೆ, ಇಲ್ಲದ ನಿಮ್ಮ ಆಟದ ಕಂಪನಿ ಎಷ್ಟು ಹುಷಾರಾಗಿರಬೇಕು ಲೆಕ್ಕ ಹಾಕಿ.

ಹಾಗಾದರೆ ಸ್ವಂತ ವಿಮಾನ ಯಾವಾಗ? ಬಾಡಿಗೆಯಲ್ಲಿ ಹಾರುವವರೆಗೆ ರಿಪೇರಿ, ತಪಾಸಣೆ, ನಿಲ್ಲಿಸುವ ಖರ್ಚು ಮಾಲೀಕನ ತಲೆನೋವು. ಕೊಂಡ ದಿನದಿಂದ ಅದು ನಿಮ್ಮದು. ಎಫ್‌ಎಸ್‌ಇಕಾನಮಿಯಲ್ಲಿ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಮಾಡಿಸಲೇಬೇಕು. ವಿಮಾನದ ಬೆಲೆ ಕೊಟ್ಟ ಮೇಲೂ ಒಂದು ತಪಾಸಣೆಗೆ ಮತ್ತು ಕೆಲ ವಾರಗಳ ಇಂಧನಕ್ಕೆ ಆಗುವಷ್ಟು ಖಾತೆಯಲ್ಲಿ ಉಳಿದರೆ ಮಾತ್ರ ಕೊಳ್ಳಿ. ಸಾಲ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಜೆಟ್ ವಿಮಾನದ ಆಸೆ ಸದ್ಯಕ್ಕೆ ಬದಿಗಿರಲಿ. ಅರ್ಧ ಖಾಲಿ ಜೆಟ್‌ಗಿಂತ ತುಂಬಿದ ಸೆಸ್ನಾ ಲಾಭದ್ದು.

ನಮ್ಮ ಕಡೆಯವರಿಗೆ ಬೇಕಾದ ಎರಡು ವಿಷಯಗಳು ಉಳಿದಿವೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಹಾರಾಟದ ನಡುವೆ ಕಂಪ್ಯೂಟರ್ ನಿಂತರೆ ಆ ದುಡಿಮೆ ಹೋದಂತೆಯೇ, ಹೊರಟ ಊರಿನಿಂದ ಮತ್ತೆ ಹೊರಡಬೇಕು. ಸಣ್ಣದೊಂದು ಯುಪಿಎಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅರ್ಧ ಗಂಟೆ ಮೀರದ ಕೆಲಸಗಳನ್ನೇ ಹಿಡಿಯಿರಿ. ಎರಡನೆಯದು ಇಂಟರ್ನೆಟ್. ಎಫ್‌ಎಸ್‌ಇಕಾನಮಿಗೆ ಬೇಕಾದ ಡೇಟಾ ಅತ್ಯಲ್ಪ. ಆದರೆ ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ನೆಲದ ಚಿತ್ರಗಳನ್ನು ಹಾರುತ್ತಿರುವಾಗಲೇ ಇಳಿಸಿಕೊಳ್ಳುತ್ತದೆ. 2024ರ ಆವೃತ್ತಿಗೆ ಕನಿಷ್ಠ 10 ಎಂಬಿಪಿಎಸ್ ವೇಗ, 16 ಜಿಬಿ ರ‍್ಯಾಮ್ ಬೇಕು. ಅಷ್ಟಿಲ್ಲದಿದ್ದರೆ ಎಕ್ಸ್-ಪ್ಲೇನ್ ಅಥವಾ ಹಳೆಯ ಎಫ್‌ಎಸ್‌ಎಕ್ಸ್ ಸಾಕು, ಗಳಿಕೆಯಲ್ಲಿ ಏನೂ ವ್ಯತ್ಯಾಸವಾಗದು.

ಇಂದೇ ಖಾತೆ ತೆರೆಯಿರಿ. ಎಫ್‌ಎಸ್‌ಇಕಾನಮಿಯಲ್ಲಿ ಮೊದಲ ಹಾರಾಟ ಎಲ್ಲಿಂದ ಬೇಕಾದರೂ ಆರಂಭಿಸಬಹುದು, ಆದರೆ ಅಲ್ಲಿ ವಿಮಾನ ನಿಂತಿರಬೇಕು. ಅದಕ್ಕೇ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ವಿಮಾನ ಇದೆಯೇ ನೋಡಿ. ಇಲ್ಲದಿದ್ದರೆ ಗೋವಾ, ಮಂಗಳೂರು, ಬೆಂಗಳೂರುಗಳಲ್ಲಿ ವಿಮಾನ ನಿಂತಿರುವ ಕಡೆಯಿಂದ ಹೊರಡಿ. ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಂಡು ಪ್ರತಿ ಹಾರಾಟಕ್ಕೂ ಬಂದದ್ದು, ಹೋದದ್ದು, ಹಿಡಿದ ಸಮಯ ಬರೆಯಿರಿ. ಗಂಟೆಗೆ ಎಷ್ಟು ಉಳಿಯುತ್ತದೆ ಎಂಬ ಒಂದು ಅಂಕಿ ಸ್ಥಿರವಾಗುವ ತನಕ ವಿಮಾನ ಕೊಳ್ಳುವ ಮಾತು ಬೇಡ.