ಬಾನುಲಿಯೂ ಬೆಟ್ಟದ ನೆರಳೂ

‘ಆಕಾಶವಾಣಿ’ ಎಂಬುದು ಷಷ್ಠೀ ತತ್ಪುರುಷ ಸಮಾಸ. ‘ಆಕಾಶದ ವಾಣಿ’ ಎಂದು ವಿಗ್ರಹವಾಕ್ಯ. ಅಚ್ಚಗನ್ನಡದಲ್ಲಿ ಬಾನು, ಉಲಿ ಎಂಬೆರಡು ಪದಗಳು ಲೋಪಸಂಧಿಯಿಂದ ಕೂಡಿ ‘ಬಾನುಲಿ’ ಎಂದಾಗಿದೆ. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ಈ ಹೆಸರು, 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಪುಟ್ಟ ಕೇಂದ್ರಕ್ಕೆ ಸಂದಿತು. ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು.

ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರವು ಹೇಳುತ್ತದೆ. ಆದುದರಿಂದ ನಮ್ಮ ಪೂರ್ವಿಕರು ರೇಡಿಯೋವನ್ನು ಬಲ್ಲವರಾಗಿದ್ದರೆಂದು ಭಾವಿಸುವುದು ಉಚಿತವಲ್ಲ. ಪ್ರೇಷಕಸ್ತಂಭದಿಂದ ಹೊರಡುವುದು ಶಬ್ದವಲ್ಲ, ವಿದ್ಯುತ್ಕಾಂತ ತರಂಗ. ಧ್ವನಿಯ ಏರಿಳಿತಗಳನ್ನು ಆ ತರಂಗದ ಮೇಲೆ ಹೇರಿ ಕಳುಹಿಸುತ್ತಾರೆ. ನಮ್ಮ ಮನೆಯ ಯಂತ್ರವು ಆ ಹೊರೆಯನ್ನಿಳಿಸಿ ಮತ್ತೆ ಧ್ವನಿಯನ್ನಾಗಿಸುತ್ತದೆ.

ಮಂಗಳೂರು ಆಕಾಶವಾಣಿಯು ಪ್ರಾರಂಭವಾದುದು 1976ರ ಡಿಸೆಂಬರ್ 11ರಂದು. ನಿಲಯವು ಮಂಗಳೂರಿನ ಕದ್ರಿಯಲ್ಲಿ. 1089 ಕಿಲೋಹರ್ಟ್ಸಿನ ಮಧ್ಯಮ ತರಂಗದ ಪ್ರೇಷಕವನ್ನು ಸ್ಥಾಪಿಸಿದ್ದು ಉಡುಪಿಯ ಬಳಿಯ ಬ್ರಹ್ಮಾವರದಲ್ಲಿ. ಮಾತನಾಡುವ ಬಾಯಿ ಒಂದೆಡೆ, ದನಿಯನ್ನು ಹರಡುವ ಸ್ತಂಭ ಬೇರೊಂದೆಡೆ. ಕನ್ನಡದೊಡನೆ ತುಳುವೂ ಯಕ್ಷಗಾನ ತಾಳಮದ್ದಳೆಯೂ ಇದರಿಂದ ಮನೆಮನೆಯನ್ನು ಸೇರಿದವು. ಅಕ್ಷರವರಿಯದ ಅಜ್ಜಿಯರೂ ಕೃಷಿರಂಗವನ್ನು ಕೇಳಿ ಅಡಿಕೆ ತೋಟದ ವಿಚಾರವನ್ನು ಚರ್ಚಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ.

ಇಲ್ಲಿ ವಿದ್ಯಾರ್ಥಿಗಳು ತರಂಗಗಳ ಭೇದವನ್ನು ಗಮನಿಸಬೇಕು. 1089 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 275 ಮೀಟರು. ಇಂತಹ ನೀಳವಾದ ಅಲೆಯು ನೆಲವನ್ನನುಸರಿಸಿ, ಗುಡ್ಡಗಳನ್ನು ಬಳಸಿ ಸಾಗಬಲ್ಲುದು. ರಾತ್ರಿ ಮೇಲಣ ಅಯಾನುಮಂಡಲದಿಂದಲೂ ಪ್ರತಿಫಲಿಸುತ್ತದೆ. ಕತ್ತಲಾದೊಡನೆ ದೂರದೇಶದ ಭಾಷೆಗಳು ನಮ್ಮ ಮಧ್ಯಮ ತರಂಗದೊಳಗೆ ನುಗ್ಗುತ್ತಿದ್ದುದು ಇದರಿಂದಲೇ. ಮಂಗಳೂರಿನ ಎಫ್.ಎಂ. ಪ್ರಸಾರವು 100.3 ಮೆಗಾಹರ್ಟ್ಸಿನದು, ಅದರ ಅಲೆಯ ಉದ್ದ ಮೂರೇ ಮೀಟರು. ಧ್ವನಿ ಸ್ವಚ್ಛ, ಆದರೆ ನಡೆ ಬಹುಮಟ್ಟಿಗೆ ನೇರ. ನೂರು ಮೀಟರು ಎತ್ತರದಿಂದ ಹೊರಟರೂ ಸಮತಟ್ಟಾದ ನೆಲದಲ್ಲಿ ಸುಮಾರು 40 ಕಿಲೋಮೀಟರಿಗೆ ಭೂಮಿಯ ಬಾಗುವಿಕೆ ಅಡ್ಡವಾಗುತ್ತದೆ. ನಡುವೆ ಗುಡ್ಡವಿದ್ದರೆ ಅದರ ಹಿಂದೆ ನೆರಳು ಬೀಳುತ್ತದೆ.

ಹೀಗಾಗಿ ನೇತ್ರಾವತಿಯ ದಡದ ಬಂಟ್ವಾಳಕ್ಕೆ ಮಂಗಳೂರು ಹತ್ತಿರ. ಮೂಡಬಿದಿರೆಯಲ್ಲಿ ದಿಬ್ಬದ ಮನೆಗೂ ಕಣಿವೆಯ ಮನೆಗೂ ವ್ಯತ್ಯಾಸ ಸಹಜ. ಕುದುರೆಮುಖ ಶ್ರೇಣಿಯ ಬುಡದ ಬೆಳ್ತಂಗಡಿಯ ಕಣಿವೆಗಳಿಗೆ ದೂರವೂ ಗುಡ್ಡವೂ ಕೂಡಿ ತೊಡಕು.

ಇದು ಕೇವಲ ವಿನೋದದ ಪ್ರಶ್ನೆಯಲ್ಲ. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿ ಘಟ್ಟದ ಹಾದಿ ಕುಸಿದು, ಬೆಳ್ತಂಗಡಿ ತಾಲೂಕಿನ ಹಳ್ಳಿಗಳು ನೆರೆಗೆ ಸಿಲುಕಿದವು. ಅಂತಹ ದಿನಗಳಲ್ಲಿ ವಿದ್ಯುತ್ತು ಹೋದರೆ ದೂರವಾಣಿಯೂ ಮೂಕವಾಗಬಹುದು; ಎರಡು ಬ್ಯಾಟರಿಯ ರೇಡಿಯೋ ಮಾತ್ರ ದಿನಗಟ್ಟಲೆ ನುಡಿಯಬಲ್ಲುದು, ಅಲೆ ಅಲ್ಲಿಗೆ ತಲುಪಿದರೆ. ಎಚ್ಚರಿಕೆಯ ಮಾತು ಯಾರಿಗೆ ಅತ್ಯವಶ್ಯವೋ ಅವರೇ ಬೆಟ್ಟದ ನೆರಳಿನಲ್ಲಿದ್ದಾರೆ. ಎತ್ತರದ ನೆಲೆಗಳಲ್ಲಿ ಮರುಪ್ರಸಾರ ಯಂತ್ರಗಳನ್ನಿರಿಸುವುದೇ ಇದಕ್ಕೆ ಪರಿಹಾರ.

‘ಪ್ರಸಾರ’ ಶಬ್ದದ ಧಾತು ‘ಸೃ’, ಚಲಿಸು ಎಂದರ್ಥ. ‘ಪ್ರ’ ಉಪಸರ್ಗ ಸೇರಿದಾಗ ಮುಂದಕ್ಕೆ ಹರಡು ಎಂದಾಗುತ್ತದೆ. ಘಟ್ಟದ ಬುಡದ ಕೊನೆಯ ಮನೆಯನ್ನು ಮುಟ್ಟಿದಾಗಲೇ ಆ ಶಬ್ದವು ಸಾರ್ಥಕವಾಗುವುದು.