ಕಾರ್ಯಾಚರಣಾ ವ್ಯವಸ್ಥೆಯ ಸ್ಥಾಪನೆ: ಎರಡು ವಿಧಾನಗಳು

ದೆಹಲಿಯ ಆರ್.ಕೆ.ಪುರಂನಲ್ಲಿ ಕೇಂದ್ರ ಸರ್ಕಾರದ ಕಚೇರಿಗಳೂ ನೌಕರರ ವಸತಿಗೃಹಗಳೂ ಅಕ್ಕಪಕ್ಕದಲ್ಲಿವೆ. ದೆಹಲಿ ಕರ್ನಾಟಕ ಸಂಘದ ನೆಲೆಯೂ ಇಲ್ಲಿಯೇ. ಇಂತಹ ಕಚೇರಿಗಳ ಬಳಕೆಯನ್ನೂ ಗಮನದಲ್ಲಿರಿಸಿಕೊಂಡು ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ‘ಬಾಸ್’ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊರತಂದಿತು. ಅದಕ್ಕೆ ಆಧಾರವಾದುದು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್.

ಡೆಬಿಯನ್ ವ್ಯವಸ್ಥೆಯನ್ನು ಎರಡು ಬಗೆಯಲ್ಲಿ ಸ್ಥಾಪಿಸಬಹುದು. 2005ರ ಜೂನ್ ತಿಂಗಳಲ್ಲಿ ಬಂದ 3.1ನೆಯ ಆವೃತ್ತಿಯೊಡನೆ ದೊರೆತ ಮಾರ್ಗದರ್ಶಿ ತಂತ್ರಾಂಶವು ಭಾಷೆ, ಕೀಲಿಮಣೆ, ಗುಪ್ತಪದಗಳನ್ನು ಒಂದೊಂದಾಗಿ ಕೇಳಿ ಉಳಿದುದನ್ನು ತಾನೇ ಪೂರೈಸುತ್ತದೆ. ಕೈಯಿಂದ ಸ್ಥಾಪಿಸುವವರಾದರೋ ಡಿಸ್ಕನ್ನು ತಾವೇ ವಿಭಾಗಿಸಿ, ಅದರಲ್ಲಿ ಕಡತವ್ಯವಸ್ಥೆಯನ್ನು ರಚಿಸಿ, ‘ಡಿಬೂಟ್‌ಸ್ಟ್ರಾಪ್’ ಆದೇಶದಿಂದ ಮೂಲಭಾಗವನ್ನು ಇಳಿಸಿ, ಕರ್ನೆಲ್ ಹಾಗೂ ಅದನ್ನು ಚಾಲನೆಗೆ ತರುವ ‘ಗ್ರಬ್’ ತಂತ್ರಾಂಶವನ್ನು ಸೇರಿಸಬೇಕು. ಶ್ರಮ ಹೆಚ್ಚು, ನಿಜ. ಆದರೆ ಹೀಗೆ ಕಲಿತವರಿಗೆ, ಮುಂದೊಂದು ದಿನ ಯಂತ್ರವು ಚಾಲನೆಗೊಳ್ಳದಿದ್ದಾಗ ದೋಷವನ್ನು ಎಲ್ಲಿ ಹುಡುಕಬೇಕೆಂಬುದು ತಿಳಿದಿರುತ್ತದೆ.

ಮಾರ್ಗದರ್ಶಿ ಕೇಳುವ ಪ್ರಶ್ನೆಗಳಲ್ಲಿ ಒಂದು ಅಪಾಯಕಾರಿ: ಇಡೀ ಡಿಸ್ಕನ್ನು ಬಳಸಬೇಕೇ? ಯೋಚಿಸದೆ ‘ಹೌದು’ ಎಂದು, ಕೊನೆಯ ದೃಢೀಕರಣವನ್ನೂ ನೀಡಿದರೆ ಅದರಲ್ಲಿದ್ದ ಪತ್ರ, ಛಾಯಾಚಿತ್ರ, ಹಳೆಯ ವಿಂಡೋಸ್ ಎಲ್ಲವೂ ಅಳಿಸಿಹೋಗುತ್ತವೆ. ಕೈಯ ವಿಧಾನದಲ್ಲಿಯೂ ‘ಎಸ್‌ಡಿಬಿ’ ಎಂದು ಬರೆಯಬೇಕಾದಲ್ಲಿ ‘ಎಸ್‌ಡಿಎ’ ಎಂದು ಬರೆದರೆ ಬೇರೊಂದು ಡಿಸ್ಕಿಗೆ ಇದೇ ಗತಿ. ಆದುದರಿಂದ ಕಡತಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಮೊದಲೇ ತೆಗೆದಿರಿಸಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿಡತಕ್ಕದ್ದು. ಕಚೇರಿಯ ನಿತ್ಯದ ಕೆಲಸಕ್ಕೆ ಮಾರ್ಗದರ್ಶಿಯೇ ಸಾಕು. ಕೈಯ ವಿಧಾನವನ್ನು ಕಲಿಯುವುದಕ್ಕೆ ಮನೆಯ ಮೂಲೆ ಸೇರಿರುವ ಹಳೆಯ ಗಣಕಯಂತ್ರವೇ ಲೇಸು.